ಕ್ರಿಯಾಯೋಜನೆ, ಎರಡು ಪ್ರತಿಗಳಲ್ಲಿ

ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕಂತೆ
ಮಧ್ಯ ಏಷ್ಯಾ ಅಧ್ಯಯನ ಕೇಂದ್ರದ
ಹೊಸ ಸಾಲಿನ ಕ್ರಿಯಾಯೋಜನೆ.
ಕೇಂದ್ರವೆಂದರೆ ತೋಳಹುಣಸೆಯ ಈ ಒಂದು ಕೋಣೆ,
ಹಿಡಿ ಮುರಿದ ಬೀರು,
ಆರು ಕುರ್ಚಿ (ಏಳನೆಯದು ವಾಣಿಜ್ಯ ವಿಭಾಗದವರು ಒಯ್ದದ್ದು),
ತಾಸಿನ ಲೆಕ್ಕದ ಅತಿಥಿ ನಾನು,
ಮತ್ತು ಚಮನ್‌ಸಾಬ್.

ಉದ್ದೇಶ ಎಂಬಲ್ಲಿ ಹೋದ ವರ್ಷದ್ದನ್ನೇ ನಕಲು ಮಾಡಿದೆ:
ದೂರದ ನಾಡುಗಳನ್ನು ಹತ್ತಿರದಿಂದ ಅರಿಯುವುದು.
ಯಾರು ಬರೆದರೋ ಪುಣ್ಯಾತ್ಮರು.
ಸಮರ್‌ಕಂದದ ಮಾತು ಹಾಗಿರಲಿ,
ಪೇಟೆಯಿಂದ ಇಲ್ಲಿಗೇ ಹತ್ತೂವರೆ ಆದ ಮೇಲೆ ಬಸ್ಸಿಲ್ಲ.

ಜುಲೈ. ಉಜ್ಬೇಕ್ ಭಾಷಾ ತರಗತಿ, ಮೂರು ತಿಂಗಳು.
ಹೋದ ಸಲ ಒಂಬತ್ತು ಜನ ಸೇರಿ ನಾಲ್ವರು ಉಳಿದರು.
ಅವರಲ್ಲಿ ಜಗಳೂರಿನ ಇಮಾಂಬಿ, ಪಿಂಜಾರರ ಹುಡುಗಿ.
ಮೊದಲ ದಿನ ಹಲಗೆಯ ಮೇಲೆ
ದಫ್ತರ್, ಕಿತೋಬ್, ಹವೋ, ಮೈದೋನ್ ಎಂದು ಬರೆಯುತ್ತಿದ್ದರೆ
"ಇವು ನಮ್ಮವೇ ಅಲ್ಲೇನ್ರಿ ಮಿಸ್,
ಬಾಯಿ ದುಂಡಗೆ ಮಾಡ್ಯಾರೆ ಅಷ್ಟೆ" ಅಂದಳು.
ಹತ್ತಿಗೆ ಪಖ್ತಾ ಅನ್ನುತ್ತಾರೆ ಎಂದಾಗ ಮಾತ್ರ
ಆ ಮಾತನ್ನು ಬಾಯಲ್ಲೇ ಎರಡು ಸಲ ಹಿಂಜಿ ನೋಡಿದಳು.
ತಾತನ ಬಿಲ್ಲು ಅಟ್ಟದ ಮೇಲಿದೆಯಂತೆ,
ಹುರಿ ಮೀಟಿದರೆ ಇನ್ನೂ ಢುಂಯ್ ಎನ್ನುವುದಂತೆ,
ಹಾಸಿಗೆ ತುಂಬಿಸುವವರೆಲ್ಲ ಫೋಮಿಗೆ ಹೋದರಂತೆ.

ಆಗಸ್ಟ್. ಗೋಡೆಗೊಂದು ಭೂಪಟ.
ಈಗಿರುವುದು ಅವೆಲ್ಲ ಒಂದೇ ದೇಶವಾಗಿದ್ದ ಕಾಲದ್ದು, ಪೂರಾ ಗುಲಾಬಿ.
ತಜಿಕಿಸ್ತಾನವನ್ನು ಗೆದ್ದಲು ತಿಂದಿದೆ.
ಅರಾಲ್ ಸಮುದ್ರ ಅದರಲ್ಲಿನ್ನೂ ತುಂಬಿಕೊಂಡು ನೀಲಿ.
ಹತ್ತಿಗೆಂದು ನದಿಗಳನ್ನು ತಿರುಗಿಸಿ ತಿರುಗಿಸಿ
ಅಲ್ಲೀಗ ಹಡಗುಗಳು ಉಸುಕಿನಲ್ಲಿ ನಿಂತಿವೆ ಎಂದು
ಚಮನ್‌ಸಾಬರಿಗೆ ಹೇಳಿದೆ.
ಕಸಬರಿಗೆ ಗೋಡೆಗೆ ಆನಿಸಿ ನೋಡಿದರು, ಬಹಳ ಹೊತ್ತು.
"ಸಮುದ್ರ ಹೆಂಗ್ರೀ ಮೇಡಂ ಒಣಗತೈತಿ?"
ಆಮೇಲೆ ತಾವೇ,
"ಒಣಗತೈತಿ ಬಿಡ್ರಿ. ಮಿಲ್ಲು ಒಣಗಲಿಲ್ಲೇನು?"
ಹದಿನೇಳು ವರ್ಷ ನೂಲಿನ ಖಾತೆಯಲ್ಲಿದ್ದವರು.
ಮೂರು ಪಾಳಿ ಎರಡಾಗಿ, ಎರಡು ಒಂದಾಗಿ,
ಒಂದು ಬೆಳಗ್ಗೆ ಸೈರನ್ನು ಕೂಗಲೇ ಇಲ್ಲ,
ಓಣಿಗೆ ಓಣಿಯೇ ಅವತ್ತು ತಡವಾಗಿ ಎದ್ದಿತಂತೆ.

ಇದನ್ನು ಯಾವ ಕಾಲಮ್ಮಿನಲ್ಲಿ ಹಾಕಲಿ?
ಅಕ್ಟೋಬರ್ ಎಂದು ಬರೆದೆ. ವಿಶೇಷ ಉಪನ್ಯಾಸ.
ವಿಷಯ: ಹತ್ತಿಯ ಊರುಗಳು. ಉಪನ್ಯಾಸಕರು: ಶ್ರೀ ಚಮನ್‌ಸಾಬ್.
ಗೌರವಧನ ಸಾವಿರದೈನೂರು.
ವಿದ್ಯಾರ್ಹತೆ ಎಂಬಲ್ಲಿ ಪೆನ್ನು ಸ್ವಲ್ಪ ನಿಂತಿತು.
ಹದಿನೇಳು ವರ್ಷ, ಎಂದಷ್ಟೇ ಬರೆದೆ.
ಅವರಿಗೆ ಇನ್ನೂ ಹೇಳಿಲ್ಲ.

ಡಿಸೆಂಬರಿಗೆ ತಾಷ್ಕೆಂಟಿನಿಂದ ಒಬ್ಬ ಪ್ರೊಫೆಸರು ಬರುತ್ತಾರೆ
ಎಂದು ಸತತ ಮೂರನೆಯ ವರ್ಷ ಬರೆಯುತ್ತಿದ್ದೇನೆ.
ಒಮ್ಮೆ ಅವರು ಕೇಳಿದ್ದರು, ನಿಮ್ಮಲ್ಲಿ ಹಿಮ ಬೀಳುತ್ತದೆಯೆ?
ಈಗಿಲ್ಲ, ಎಂದು ಉತ್ತರಿಸಿದ್ದೆ.
ಚಿಕ್ಕವಳಿದ್ದಾಗ, ಜಿನ್ನಿಂಗ್ ಫ್ಯಾಕ್ಟರಿಯ ಹಿಂದೆ ನಮ್ಮ ಮನೆಯಿದ್ದಾಗ,
ಬೀಳುತ್ತಿತ್ತು.

ಕೊನೆಯದು, ಕಳೆದ ಸಾಲಿನ ಬಾಕಿ.
ನಿಘಂಟು ಬಂದಿಲ್ಲ, ಟ್ಯೂಬ್‌ಲೈಟು ಬಂದಿಲ್ಲ,
ಫೆಬ್ರವರಿಯಿಂದ ಈಚಿನ ನನ್ನ ಸಂಬಳ.
ಬಾಕಿ. ಈ ಮಾತೂ ಅಲ್ಲಿದೆ,
ಬೋಕಿ ಎನ್ನುತ್ತಾರೆ, ಬಾಯಿ ದುಂಡಗೆ ಮಾಡಿ.
ಅಲ್ಲಿ ಅದರ ಅರ್ಥ ಎಂದೆಂದಿಗೂ ಇರುವುದು, ಅಳಿಯದ್ದು.
ಒಬ್ಬಳೇ ನಕ್ಕುಬಿಟ್ಟೆ.

ನಾಲ್ಕು ನಲವತ್ತು. ಕಡತಕ್ಕೆ ಲಾಡಿ ಬಿಗಿಯುತ್ತಾ ಚಮನ್‌ಸಾಬ್,
"ಬರೋ ವರ್ಷಾನೂ ನೀವೇ ಇರ್ತೀರಲ್ರೀ?"
ನಮೂನೆಯಲ್ಲಿ ಆ ಕಾಲಮ್ಮಿಲ್ಲ, ಅಂದೆ.
ಅವರು ಏನೂ ಅನ್ನಲಿಲ್ಲ.
ಗಂಟನ್ನು ಕಿಟಕಿಯ ಬೆಳಕಿಗೆ ಹಿಡಿದು
ಹೆಬ್ಬೆರಳಿನಿಂದ ಒಂದು ಸಲ ತೀಡಿ ನೋಡಿ
ಬಿಚ್ಚಿ, ಇನ್ನೊಮ್ಮೆ ಕಟ್ಟಿದರು.